ಅಮ್ಮ ಎಣಿಸಿದ ಮೂವತ್ತು ಲ್ಯಾಪು

ಮಾರ್ಚ್ 3, ಬೆಳಿಗ್ಗೆ 7.15

ಐದು ಸಾವಿರ ಮೀಟರ್ ಮುಗಿಯಿತು. ಭುಜದಲ್ಲಿ ಬೆಂಕಿ. ದಂಡೆಯ ಮೇಲೆ ಅಮ್ಮ, ಬ್ರಷ್ಷು, ಬಕೆಟ್ಟು. ಇಪ್ಪತ್ತೆರಡು ವರ್ಷದಿಂದ ಈ ಪೂಲ್ ಉಜ್ಜುತ್ತಿದ್ದಾಳೆ. ಗೋಡೆಯಲ್ಲಿ ಫಲಕ: ‘ಸಿಬ್ಬಂದಿ ನೀರಿಗಿಳಿಯಕೂಡದು.’ ಉಜ್ಜುವ ಕೈ ಬೇಕು, ಮೈ ಬೇಡ! ನಾನು ಹನ್ನೊಂದು ದೇಶದ ಪೂಲ್ ನೀರು ಕುಡಿದು ಬಂದವಳು. ಅವಳು ಇಲ್ಲಿ ಒಂದು ಮುಳುಗೂ ಹಾಕಿಲ್ಲ.

ಲೇನ್ ಸರಿಯಿಲ್ಲ ಎಂದು ಗೊಣಗಿದೆ.

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ,” ಎಂದಳು. ತಲೆಯೆತ್ತಲಿಲ್ಲ.

ಮಾರ್ಚ್ 9

ಆಯ್ಕೆಯ ರೇಸ್ ಹದಿನಾಲ್ಕಕ್ಕೆ, ಇಲ್ಲೇ. ಸಾವಿರದೈನೂರು ಮೀಟರ್ ಫ್ರೀಸ್ಟೈಲ್, ಮೂವತ್ತು ಲ್ಯಾಪು. ಹದಿನಾರು ನಿಮಿಷ ನಲವತ್ತು ಸೆಕೆಂಡಿನೊಳಗೆ ಮುಟ್ಟಿದರೆ ವಿಶ್ವ ಈಜುಕೂಟಕ್ಕೆ. ಇಲ್ಲದಿದ್ದರೆ... ವಯಸ್ಸು ಇಪ್ಪತ್ತೊಂಬತ್ತು, ಮನೆಗೆ.

ಉಳಿದ ಲ್ಯಾಪಿನ ನಂಬರ್ ಬೋರ್ಡನ್ನು ನೀರೊಳಗೆ ಇಳಿಸಿ ತೋರಿಸಲು ಒಬ್ಬರು ಬೇಕು. ಫಾರಂನಲ್ಲಿ ಅಮ್ಮನ ಹೆಸರು ಬರೆದೆ. ಮ್ಯಾನೇಜರ್ ಮುಖ ಹುಳಿ. ಯೂನಿಫಾರ್ಮಿನವರು ರೇಸಿನಲ್ಲಿ ದಂಡೆಗೆ ಬಂದರೆ ಕ್ಲಬ್ಬಿನ ಮರ್ಯಾದೆ ಏನಾಗಬೇಕು ಎಂದ. ನಿಯಮದ ಪುಸ್ತಕ ಅವನ ಮೇಜಿನ ಮೇಲೆ ಬಿಚ್ಚಿಟ್ಟೆ. ಈಜುವವರು ಹೇಳಿದವರೇ ಎಣಿಸಬೇಕು. ಮರ್ಯಾದೆಯಂತೆ! ಅದನ್ನೂ ಅಮ್ಮನೇ ಉಜ್ಜಿ ಹೊಳೆಯಿಸಿದ್ದು.

ಮಾರ್ಚ್ 12

ಅಮ್ಮನಿಗೆ ಅಳುಕು. ಲೆಕ್ಕ ತಪ್ಪಿದರೆ ಮಗಳ ಗತಿಯೇನು ಎಂದು. ಬಕೆಟ್ಟಿನಲ್ಲಿ ತಟ್ಟೆ ಮುಳುಗಿಸಿ ಅಭ್ಯಾಸ ಮಾಡುತ್ತಿದ್ದಾಳೆ. ಅಡುಗೆಮನೆ ತುಂಬ ನೀರು. ಊಟಕ್ಕೆ ತಟ್ಟೆ ಇಲ್ಲ.

ಮಾರ್ಚ್ 14, ಸಂಜೆ

ರೇಸ್ ಮುಗಿಯಿತು.

ಇಪ್ಪತ್ತೊಂಬತ್ತು, ಇಪ್ಪತ್ತೇಳು, ಇಪ್ಪತ್ತೈದು... ಪ್ರತಿ ಸಲ ಆಚೆ ಗೋಡೆಯಲ್ಲಿ ಅಮ್ಮನ ಬೋರ್ಡು. ಒಂದೂ ತಪ್ಪಿಲ್ಲ. ಏಳರಲ್ಲಿ ಅವಳ ಕೈ ಜಾರಿತು. ನಾನು ತಿರುಗುವಾಗ ಬೋರ್ಡು ನನ್ನ ಪಕ್ಕದಲ್ಲೇ ತಳಕ್ಕೆ ಹೋಯಿತು. ಕೆಟ್ಟೆ ಅಂದುಕೊಂಡೆ. ಈ ದಣಿವಿನಲ್ಲಿ ನನಗೆ ನನ್ನ ಹೆಸರೇ ನೆನಪಿರುವುದಿಲ್ಲ, ಲ್ಯಾಪು ಎಲ್ಲಿಂದ?

ಮತ್ತೆ ಆ ಗೋಡೆಗೆ ಬಂದೆ. ನೀರೊಳಗೆ ಭುಜದವರೆಗೂ ಇಳಿದ ಅಮ್ಮನ ಕೈ. ಐದು ಬೆರಳು. ಕ್ಲೋರಿನ್ ತಿಂದು ಬಿರಿದ ಅಂಗೈ, ಕಣ್ಣೆದುರಿಗೆ. ಆಮೇಲೆ ಮೂರು. ಆಮೇಲೆ ಒಂದೇ ಬೆರಳು — ಗದರಿಸುವ ಹಾಗೆ ಅಲ್ಲಾಡುತ್ತಿತ್ತು. ನೀರೊಳಗೇ ನಗು ಬಂತು. ಬಾಯಿ ತುಂಬ ನೀರು. ಹೊಡೆದೆ, ಹೊಡೆದೆ, ಮುಟ್ಟಿದೆ.

16.38.7!

ಅಮ್ಮ ಮೇಲಿನಿಂದ ಕೇಳಿದಳು: “ಲೆಕ್ಕ ಸರಿ ಇತ್ತೇನೇ?”

ಮಾರ್ಚ್ 15

ಪತ್ರಿಕೆಯವರು ಬಂದರು. ಮ್ಯಾನೇಜರ್ ಹೊಸ ಶರ್ಟಿನಲ್ಲಿ ಬಂದು ಪಕ್ಕ ನಿಂತ. ಫೋಟೋ ಬೇಕಂತೆ. ಫಲಕ ಇಳಿಸಿ, ಆಮೇಲೆ ಫೋಟೋ ಎಂದೆ. ಕಮಿಟಿ, ಮೀಟಿಂಗು ಎಂದು ರಾಗ ಎಳೆದ. ನನಗೇನು, ಮೂವತ್ತು ಲ್ಯಾಪು ಕಾಯುವ ಅಭ್ಯಾಸ ಇದೆ. ಉಜ್ಜುವ ಏಳು ಮಂದಿ ಹೆಂಗಸರೂ ಬಂದು ನನ್ನ ಹಿಂದೆ ನಿಂತರು. ಕ್ಯಾಮರಾದವನು ಗಡಿಯಾರ ನೋಡಿಕೊಂಡ. ಸ್ಕ್ರೂಡ್ರೈವರ್ ಬಂತು.

ಮಾರ್ಚ್ 22, ಬೆಳಿಗ್ಗೆ 6.40

ದಂಡೆಯಲ್ಲಿ ಕೂತು ಬರೆಯುತ್ತಿದ್ದೇನೆ. ಅಮ್ಮ ನೀರಿನಲ್ಲಿ. ಎದೆಮಟ್ಟ. ದಂಡೆಯ ಕಂಬಿ ಬಿಡುತ್ತಿಲ್ಲ. ವಾರದಿಂದ ಇಷ್ಟೇ. ಬಿಡು ಎಂದರೆ ನನ್ನನ್ನೇ ಬೈಯುತ್ತಾಳೆ.

ಈಗ ಕೂಗುತ್ತಿದ್ದಾಳೆ: “ಪುಸ್ತಕ ಮುಚ್ಚೇ. ಬೋರ್ಡ್ ಹಿಡ್ಕೊಂಡು ಆ ಕಡೆ ಹೋಗಿ ನಿಂತ್ಕೋ.”

ಕಂಬಿ ಬಿಟ್ಟಳು!