ಉಗುರುಬಣ್ಣದ ಕೆಳಗಿನ ತೂತು

ಮನೆಯಿಂದ,
ಹದಿನಾಲ್ಕನೇ ತಾರೀಖು, ಬುಧವಾರ ಮಧ್ಯಾಹ್ನ

ಪ್ರೀತಿಯ ಯಜಮಾನರೇ,

ಹೇಗಿದ್ದೀರಿ? ಸುರಂಗದ ಧೂಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಒಳಗೆ ಇಳಿಯಬೇಡಿ. ಮೊಣಕಾಲನ್ನೂ ಜೋಪಾನ ಮಾಡಿಕೊಳ್ಳಿ. ನೀವು ಗಟ್ಟಿಮುಟ್ಟಾಗಿ ಮನೆಗೆ ಬರಬೇಕು. ಯಾಕೆಂದು ಓದುತ್ತಾ ಹೋದರೆ ತಿಳಿಯುತ್ತದೆ.

ನೀವು ಹೋದ ವಾರಕ್ಕೇ ಫ್ರಿಜ್ಜು ತಣ್ಣಗಾಗುವುದನ್ನು ಬಿಟ್ಟದ್ದು, ಅದರೊಳಗೆ ಕೆಟ್ಟ ಇನ್ಸುಲಿನ್ ಚುಚ್ಚಿಕೊಂಡು ಅತ್ತೆ ಬಚ್ಚಲ ಬಾಗಿಲಲ್ಲಿ ಕುಸಿದದ್ದು ನಿಮಗೆ ಗೊತ್ತೇ ಇದೆ. ಆಗ ತಾವು ಬರೆದ ಕಾಗದ ನನಗೆ ಬಾಯಿಪಾಠವಾಗಿದೆ: “ದಿನಕ್ಕೆ ಐವತ್ತು ಸಲ ಬಾಗಿಲು ತೆಗೆದರೆ ಯಾವ ಫ್ರಿಜ್ಜು ಉಳಿಯುತ್ತೆ? ನಿನ್ನ ಕೈಗುಣವೇ ಅಷ್ಟು.” ಅದನ್ನು ಅತ್ತೆ ಮಹಡಿ ಮಹಡಿಗೂ ಓದಿ ಹೇಳಿದರು. ನಿಮ್ಮ ತಂಗಿಯಂತೂ ನನಗೆ ‘ಬಾಗಿಲಮ್ಮ’ ಎಂದು ಹೆಸರಿಟ್ಟಳು. ಅಂದಿನಿಂದ ಔಷಧಿ ಕೆಳಗಿನ ಟೀಚರಕ್ಕನ ಫ್ರಿಜ್ಜಿನಲ್ಲಿ. ಬೆಳಿಗ್ಗೆ ಐವತ್ತನಾಲ್ಕು ಮೆಟ್ಟಿಲು ಇಳಿದು ಹತ್ತಬೇಕು, ಸಂಜೆ ಮತ್ತೆ ಇಳಿದು ಹತ್ತಬೇಕು. ಹೀಗೆ ನಲವತ್ತೊಂದು ದಿನ. ನಡುವೆ ಒಬ್ಬ ರಿಪೇರಿಯವನು ಬಂದು ಗ್ಯಾಸು ತುಂಬಿ ಹೋದ. ಒಂಬತ್ತು ದಿನ ತಂಪು (ಭಯಕ್ಕೆ ಔಷಧಿಯನ್ನು ಆಗಲೂ ಕೆಳಗೇ ಬಿಟ್ಟಿದ್ದೆ), ಹತ್ತನೇ ದಿನ ಮತ್ತೆ ಅದೇ ಕಥೆ. ಅತ್ತೆ ಅಂದರು, “ನೋಡಿದ್ಯಾ? ಮತ್ತೆ ತೆಗೆದೆ!”

ಮೊನ್ನೆ ಭಾನುವಾರ ಟೀಚರಕ್ಕನ ಅಣ್ಣ ಬಂದರು. ಹಳೇ ಮೆಕ್ಯಾನಿಕ್ಕು, ಕನ್ನಡಕವನ್ನು ದಾರದಿಂದ ಕಟ್ಟಿಕೊಂಡಿದ್ದರು, ಬುದ್ಧಿ ಮಾತ್ರ ಬಿಗಿಯಾಗಿಯೇ ಇತ್ತು. “ಗ್ಯಾಸು ಏನು ಅನ್ನವೇ ತಾಯಿ, ಉಂಡು ಖಾಲಿ ಮಾಡೋಕೆ? ಹೋಗಿದೆ ಅಂದ್ರೆ ಹೋಗೋಕೆ ದಾರಿ ಇದೆ” ಅಂದರು. ಕೊಳವೆಗೆ ಒತ್ತಡ ಕೊಟ್ಟು, ಬ್ರಷ್ಷನ್ನು ಸೋಪಿನ ನೀರಿನಲ್ಲಿ ಅದ್ದಿ, ಹಿಂಬದಿಯ ಒಂದೊಂದು ಬೆಸುಗೆಗೂ ಬಳಿದರು. ಏನೂ ಇಲ್ಲ. ಆಮೇಲೆ ತಲೆಯನ್ನೇ ಐಸಿನ ಗೂಡಿನೊಳಗೆ ತೂರಿಸಿದರು. ಐಸಿನ ತಟ್ಟೆ ಕೂರುವ ಮೂಲೆಯಲ್ಲಿ ಕಡಲೆಕಾಳಿನಷ್ಟು ಕೆಂಪು ಚುಕ್ಕೆ. ಸೋಪಿನ ನೀರು ಬಳಿದರೆ ಅದರ ಅಂಚಿನಲ್ಲಿ ಒಂದು ಗುಳ್ಳೆ ಕಪ್ಪೆಯ ಗಂಟಲಿನ ಹಾಗೆ ಉಬ್ಬಿತು, ಒಡೆಯಿತು, ಮತ್ತೆ ಉಬ್ಬಿತು. ಉಗುರಿನಿಂದ ಕೆರೆದರೆ ಬಣ್ಣದ ಕೆಳಗೆ ಸ್ಕ್ರೂಡ್ರೈವರ್ ಮೂತಿಯಷ್ಟೇ ಅಗಲದ ಗಾಯ. “ಇದು ಗೊತ್ತಿದ್ದೂ ಮುಚ್ಚಿದ ತೂತು” ಅಂದರು.

ಬಣ್ಣ ನನ್ನದೇ. ನೀವು ಹೊರಟ ದಿನ ಕಾಣೆಯಾದ ಉಗುರುಬಣ್ಣದ ಸೀಸೆ! “ಹೊರಡೋ ಬೆಳಿಗ್ಗೆ ಅಡಿಗೆಮನೇಲಿ ಟಕಟಕ ಅಂತಿತ್ತು. ಏನೋ ಅದು ಅಂದ್ರೆ, ಐಸಿನ ತಟ್ಟೆ ಅಂಟಿಕೊಂಡಿದೆ ಅಮ್ಮಾ ಅಂದ” ಎಂದು ಅತ್ತೆಯೇ ಸಾಕ್ಷಿ ನುಡಿದರು. ನಿಮ್ಮ ಎರಡನೇ ಕಾಗದ ಆಗ ನೆನಪಾಯಿತು: “ಪೆಟ್ಟಿಗೆಯಲ್ಲಿದ್ದ ಸ್ಕ್ರೂಡ್ರೈವರನ್ನು ನಾನು ಮುಟ್ಟಿಯೇ ಇಲ್ಲ.” ಸ್ವಾಮಿ, ಸ್ಕ್ರೂಡ್ರೈವರಿನ ಸುದ್ದಿ ನಿಮ್ಮನ್ನು ಕೇಳಿದವರಾದರೂ ಯಾರು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ!

ಈಗ ತೂತು ಮುಚ್ಚಿ, ಹೊಸ ಗ್ಯಾಸು ತುಂಬಿ, ಫ್ರಿಜ್ಜು ತಣ್ಣಗಿದೆ. ನಾನು ತಣ್ಣಗಾಗಿಲ್ಲ. ಸ್ಕ್ರೂಡ್ರೈವರನ್ನು ಅತ್ತೆ ಫ್ರಿಜ್ಜಿನ ಹಿಡಿಗೆ ನೇತುಹಾಕಿ, “ನನ್ನ ಜೀವ ತೆಗೆಯೋಕೆ ಹೊರಟಿದ್ದ ಮಗರಾಯನ ಆಯುಧ” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಾರೆ. ಮಹಡಿ ಮಹಡಿಗೂ ಸುದ್ದಿ ಮುಟ್ಟಿದೆ. ನಿಮ್ಮ ತಂಗಿ ನಿಮಗೂ ಒಂದು ಹೆಸರು ಹುಡುಕುತ್ತಿದ್ದಾಳೆ.

ಅತ್ತೆಯ ಆಶೀರ್ವಾದ ಇದೆ, ಬೈಗುಳದ ಜೊತೆಗೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ನಿಮ್ಮ ಬಾಗಿಲಮ್ಮ

ಮರೆತಿದ್ದೆ: ಫ್ರಿಜ್ಜಿಗೆ ಬೀಗ ಹಾಕಿದ್ದೇವೆ, ಕೀಲಿ ಅತ್ತೆಯ ಸೊಂಟದಲ್ಲಿದೆ. ರಜೆಗೆ ಬಂದಾಗ ತಣ್ಣೀರು ಬೇಕೆನಿಸಿದರೆ ಕೆಳಗಿಳಿದು ಟೀಚರಕ್ಕನ ಬಾಗಿಲು ತಟ್ಟಿ, “ತೂತು ಮಾಡಿದವನು ನಾನು, ಬೈಸಿಕೊಂಡವಳು ನನ್ನ ಹೆಂಡತಿ” ಎಂದು ಗಟ್ಟಿಯಾಗಿ ಹೇಳಬೇಕು. ಹೇಳಿದರೆ ಮಾತ್ರ ಅವರು ಲೋಟ ಕೊಡುತ್ತಾರೆ, ಮಾತಾಡಿಟ್ಟಿದ್ದೇನೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ನಲವತ್ತೊಂದು ದಿನ. ನಿಮ್ಮ ರಜೆ ನಲವತ್ತೇ ದಿನ ಎಂದು ಗೊತ್ತು. ಉಳಿದ ಒಂದು ದಿನದ್ದನ್ನು ಮುಂದಿನ ರಜೆಯಲ್ಲಿ ತೀರಿಸುವಿರಂತೆ.