ಚಿಟಿಕೆ ಉಪ್ಪಿನ ಬೆಳಗು

ಫೆಬ್ರವರಿ 3, ಬೆಳಿಗ್ಗೆ 6

ನೆರೆದ ಮಹಾಜನರೇ, ಕಲಾರಸಿಕರೇ, ಹಿಂದಿನ ಸಾಲಿನಲ್ಲಿ ಆಕಳಿಸುತ್ತಿರುವ ದೊರೆಗಳೇ! — ಅಂದರೆ, ಜಾಮ್ ಬಾಟಲಿಗಳಲ್ಲಿ ನಿಂತಿರುವ ಮೂರು ಪುದೀನ ಕಡ್ಡಿಗಳೇ. ಇಂದಿಗೆ ಒಂಬತ್ತನೆಯ ದಿನ. ನೀರು ಬದಲಾಯಿಸಿದ್ದಾಯಿತು. ಬೇರು ಎಳೆ ಮೀಸೆಯಂತೆ ಇಳಿದಿದೆ. ನೀರು ಪಾಚಿಗಟ್ಟದಿರಲೆಂದು ಬಾಟಲಿಗೆ ಕಪ್ಪು ಕಾಗದ ಸುತ್ತಿದೆ. ಹಳೆ ಟ್ರಂಕಿನ ಮುಚ್ಚಳಕ್ಕೆ ಮಿರುಗುವ ಕಾಗದ, ಅದರ ಮೇಲೆ ಬಿಸಿಲಿನ ಬದಲಿಗೆ ಬಿಳಿ-ಕೆಂಪು ಎಲ್‌ಇಡಿ ಪಟ್ಟಿ. ನಾಟಕ ಕಂಪನಿಯಲ್ಲಿ ನಲವತ್ತು ವರ್ಷ ದೀಪ ನೋಡಿಕೊಂಡ ಕೈ ಇದು. ಸ್ವಿಚ್ ಒತ್ತಿದರೆ ಮಲಗುವ ಕೋಣೆಯೇ ದರ್ಬಾರು.

ಹೆಂಡತಿ ಬಾಗಿಲಲ್ಲಿ ನಿಂತು, "ಏನೋ ಕಳ್ಳ ಬೆಳೆ ಬೆಳೀತಿದೀರಿ ಅಂತ ಪೊಲೀಸ್ರು ಬರ್ತಾರೆ ನೋಡ್ತಿರಿ" ಎಂದಳು.

ಫೆಬ್ರವರಿ 4

ಬರೀ ಪುದೀನವೇ ಇದು? ಅಕ್ಕ ರಾಣಿಯಾಗಿ ರಂಗಕ್ಕೆ ಹೋಗುವ ಮುಂಚೆ ಎರಡೆಲೆ ಅಗಿಯುತ್ತಿದ್ದಳು, ಗಂಟಲು ತಿಳಿಯಾಗಲೆಂದು. ಕಂಪನಿ ಊರೂರು ಅಲೆದಾಗ ಎಣ್ಣೆ ಡಬ್ಬದಲ್ಲಿ ಇದೂ ಲಾರಿ ಹತ್ತುತ್ತಿತ್ತು. ಕಂಪನಿ ಮುಚ್ಚಿತು, ಅಕ್ಕ ಮಗಳ ಮನೆ ಸೇರಿದಳು, ಡಬ್ಬ ನನ್ನ ಬಾಲ್ಕನಿಗೆ ಬಂತು. ಹೋದ ವರ್ಷ ಎದುರಿಗೆ ಏಳು ಮಹಡಿ ಎದ್ದು ಬಿಸಿಲಿಗೆ ಪರದೆ ಎಳೆಯಿತು. ಉಳಿದದ್ದು ಈ ಮೂರು.

ಮಧ್ಯಾಹ್ನ ಅಕ್ಕನ ಫೋನು. "ಜ್ವರ ಬಿಟ್ಮೇಲೆ ಬಾಯಲ್ಲಿ ಮಣ್ಣಿಟ್ಕೊಂಡ ಹಾಗಿದೆ ಕಣೋ. ಇಪ್ಪತ್ತಕ್ಕೆ ಬರ್ತೀನಿ. ನಮ್ಮ ಪುದೀನ ಇದೆ ತಾನೇ?"

"ಕಾಡು ಬೆಳೆದ ಹಾಗೆ ಬೆಳೆದಿದೆ ಅಕ್ಕಾ!"

ಬಾಯಿ ದೊಡ್ಡದು. ಕಾಡು ಮೂರು ಕಡ್ಡಿಯದು.

ಫೆಬ್ರವರಿ 7

ಗೊಬ್ಬರದ ಅಂಗಡಿಯವನು ಪೋಷಕಾಂಶದ ಪುಡಿ ಕೊಟ್ಟ. "ಎಷ್ಟು ಕಲಸಬೇಕು ಅಂತ ನೋಡೋಕೆ ಮೀಟರ್ ಬೇಕು ಸರ್."

ನನಗೆ ಮೀಟರೇ! ಎರಡು ಸ್ಟೀಲ್ ಚಮಚ ನೀರಲ್ಲಿಟ್ಟೆ. ತಂತಿಯಲ್ಲಿ ಒಂದು ಬ್ಯಾಟರಿ, ಒಂದು ಪುಟ್ಟ ಎಲ್‌ಇಡಿ ಬಲ್ಬು ಸೇರಿಸಿದೆ. ಪುಡಿ ಕರಗಿದಷ್ಟೂ ಬೆಳಕು ಏರಿತು! ನನಗಿಂತ ಮುಂಚೆ ಕಂಪನಿಯ ದೀಪ ನೋಡಿಕೊಂಡ ಅಪ್ಪ, ದೀಪದ ತಂತಿ ಇಳಿಬಿಟ್ಟು ರಂಗದ ಪಕ್ಕ ಇಟ್ಟುಕೊಳ್ಳುತ್ತಿದ್ದ ನೀರಿನ ಜಾಡಿಯದೂ ಇದೇ ಮಂತ್ರ. ನೀರಿಗೆ ಉಪ್ಪು ಬಿದ್ದಷ್ಟೂ ರಂಗದ ಮೇಲೆ ಸೂರ್ಯ ಮೇಲೇರುತ್ತಿದ್ದ. ಉಪ್ಪುನೀರಿನ ವಾಸನೆ, ಬಣ್ಣದ ವಾಸನೆ, ಅಕ್ಕನ ಬಾಯಿಂದ ಪುದೀನ... ಇನ್ನೊಂದು ಚಮಚ ಪುಡಿ, ಮತ್ತೊಂದು ಚಮಚ — ಎರಡು ಬಾಟಲಿಗೂ ಫುಲ್ ಲೈಟ್! ಮೂರನೆಯದಕ್ಕೆ ಬರುವಷ್ಟರಲ್ಲಿ ಪುಡಿ ಮುಗಿಯಿತು.

ಫೆಬ್ರವರಿ 12

ನಾಲ್ಕು ದಿನ ಬರೆಯಲಿಲ್ಲ. ಬರೆಯುವ ಮುಖವಿರಲಿಲ್ಲ. ಎಲೆಯ ಅಂಚು ಮೊದಲು ಸುಟ್ಟಿತು, ಆಮೇಲೆ ಬೇರು ಕಂದಿತು. ಎರಡೂ ಹೋದವು. ಮೂರನೆಯದು ತಲೆ ಬಾಗಿಸಿದೆ. ಅದರಲ್ಲಿ ಜಾಡಿಸಿ ಹಾಕಿದ ತಳದ ಪುಡಿಯಷ್ಟೇ ಇತ್ತು, ಅದೂ ಹೆಚ್ಚಾಯಿತು.

ಹೆಂಡತಿ ಮೆಲ್ಲಗೆ, "ಮಾರ್ಕೆಟ್ಟಲ್ಲಿ ಬೇರು ಸಮೇತ ಕಟ್ಟು ಸಿಗುತ್ತೆ. ತಂದಿಡಿ. ಅತ್ತಿಗೆಗೆ ಏನು ಗೊತ್ತಾಗುತ್ತೆ?"

"ರಾಣಿ ಪಾತ್ರಕ್ಕೆ ಬೇರೆಯವಳನ್ನ ನಿಲ್ಲಿಸಿದ್ರೆ ಜನ ಸುಮ್ನಿರ್ತಾರೇನೇ?" ಎಂದು ಗುಡುಗಿದೆ.

ಸಂಜೆ ಹೋಗಿ ಒಂದು ಕಟ್ಟು ತಂದೆ. ಲೋಟದಲ್ಲಿಟ್ಟೆ. ಅದರ ಮುಖ ನೋಡಲಾಗುತ್ತಿಲ್ಲ.

ಫೆಬ್ರವರಿ 13, ರಾತ್ರಿ

ಆಗ ನನಗೆ ಹತ್ತು ವರ್ಷ. ಅಪ್ಪ ಬೀಡಿ ಸೇದಲು ಹೋದಾಗ ಜಾಡಿ ನನ್ನ ವಶ. ಸೂರ್ಯೋದಯದ ದೃಶ್ಯ. ನಾನು ಉಪ್ಪನ್ನು ಹಿಡಿ ಹಿಡಿ ಸುರಿದೆ. ಬೆಳಗಾಗುವುದರೊಳಗೆ ಸುಡು ಮಧ್ಯಾಹ್ನ, ಮರುಕ್ಷಣ ಫ್ಯೂಸ್ ಹಾರಿ ಕಗ್ಗತ್ತಲೆ! ಆ ಕತ್ತಲಲ್ಲೇ ಅಕ್ಕ ಹಾಡು ಎತ್ತಿದಳು. ಜನ ಕೂತಲ್ಲೇ ತಾಳ ಹಾಕಿದರು. ಆಮೇಲೆ ಅಪ್ಪನಿಗೆ, "ಜಾಡಿಗೆ ನನ್ನ ಸೆರಗು ತಾಗ್ತು" ಎಂದಳು. ಬೈಗುಳ ತಾನೇ ತಿಂದಳು. ನನ್ನ ಕಿವಿ ಹಿಂಡಿ, "ಚಿಟಿಕೆ ಕಣೋ, ಚಿಟಿಕೆ. ಬೆಳಗಾಗೋಕೆ ಹೊತ್ತು ಬೇಕು" ಎಂದಳು.

ಅದಾಗಿ ಐವತ್ತೆಂಟು ವರ್ಷ. ಕೈ ಇನ್ನೂ ಹಿಡಿ ತುಂಬಿಕೊಳ್ಳುತ್ತದೆ.

ಮೂರನೆಯದರ ಬೇರು ತೊಳೆದೆ. ಬರೀ ನೀರು. ಮಧ್ಯಾಹ್ನ ಅಂಗಡಿಗೆ ಹೋಗಿ ಪುಡಿ ತಂದು, ಚಿಟಿಕೆ ಹಾಕಿದೆ. ಬಲ್ಬು ಮಿಣ್ಣಗೆ. ಕೋಳಿ ಕೂಗುವ ಮುಂಚಿನ ಬೆಳಕು. ಅಲ್ಲಿಗೇ ನಿಲ್ಲಿಸಿದೆ.

ಫೆಬ್ರವರಿ 19, ಸಂಜೆ 5

ಬದುಕಿದೆ! ಗೆಣ್ಣಿನಲ್ಲಿ ಎರಡು ಎಲೆ, ಇಲಿಯ ಕಿವಿಯಷ್ಟು. ಮುಟ್ಟಿ ಮೂಸಿದೆ. ಗ್ರೀನ್‌ರೂಮು, ಲಾರಿ, ಅಪ್ಪನ ಜಾಡಿ, ಎಲ್ಲಾ ಬೆರಳ ತುದಿಯಲ್ಲಿ.

ಮಾರ್ಕೆಟ್ಟಿನ ಕಟ್ಟನ್ನು ಹೆಂಡತಿಗೆ ಕೊಟ್ಟೆ. "ಟೀಗೆ ಹಾಕೇ."

"ಮತ್ತೆ ಅತ್ತಿಗೆಗೆ ಕಾಡು ಅಂದಿದ್ರಲ್ಲ?"

"ಕಾಡು ಸುಟ್ಟವನು ನಾನೇ. ನಾನೇ ಹೇಳ್ತೀನಿ."

"ಮೆಲ್ಲಗೆ ಹೇಳಿ. ಪಕ್ಕದ ಮನೆಯವ್ರೆಲ್ಲ ಎದ್ದು ಬಂದಾರು."

ನಾಳೆ ಬೆಳಿಗ್ಗೆ ಏಳಕ್ಕೆ ಅಕ್ಕನ ಬಸ್ಸು. ಕರೆತಂದು ಟ್ರಂಕಿನ ಮುಂದೆ ಕೂರಿಸುತ್ತೇನೆ. ಮೊದಲು ಎರಡು ಖಾಲಿ ಬಾಟಲಿ ತೋರಿಸುತ್ತೇನೆ. ಘೋಷಣೆ ಇಲ್ಲ, ಗುಡುಗು ಇಲ್ಲ. ಆಮೇಲೆ ದೀಪ ಆರಿಸಿ, ಹೊಸ ನೀರಿಗೆ ಚಮಚ ಇಳಿಸಿ, ಅವಳ ಕೈಗೇ ಪುಡಿ ಕೊಟ್ಟು, ಚಿಟಿಕೆ ಅಕ್ಕಾ, ಎನ್ನುತ್ತೇನೆ. ಬಲ್ಬು ಮಿಣುಕಿದ ಮೇಲೆ, ಆ ಎರಡೆಲೆ ಕಿತ್ತು ಅವಳ ಬಾಯಿಗೆ —