ಒಂದೇ ವಿಳಾಸದ ಎರಡು ಕ್ಯಾಮೆರಾ

ಮಾರ್ಚ್ 4, ಮಂಗಳವಾರ

ಮತ್ತೆ ಹಲ್ಲಿನ ಡಾಕ್ಟರ್ ಹಿಯಾ ಅವರ ಮನೆ. ನಾನು ಹಾಕಿಕೊಟ್ಟ ಅಡುಗೆಮನೆ ಕ್ಯಾಮೆರಾ ಮತ್ತೆ ಆಫ್‌ಲೈನ್. ಇಡೀ ಈಪೋ ಪಟ್ಟಣದಲ್ಲಿ ನನಗೆ ಇದೊಂದೇ ಮನೆಯೇ? ವೈರ್ ಬದಲಿಸಿದ್ದಾಯಿತು, ರೌಟರ್ ಹತ್ತಿರ ತಂದಿದ್ದಾಯಿತು. ಸ್ವಲ್ಪ ಹೊತ್ತು ಚಿತ್ರ ಬರುತ್ತದೆ, ಆಮೇಲೆ ಕಪ್ಪು.

ಕ್ಯಾಮೆರಾ ಕಾಯುವುದು ಕಳ್ಳರನ್ನಲ್ಲ. ಫ್ರಿಜ್ಜು, ಬಿಸ್ಕತ್ತಿನ ಡಬ್ಬ, ಅವುಗಳ ಮುಂದೆ ದುಡಿಯುವ ವಾರ್ತಿನಿ. ಜಾವಾದಿಂದ ಮನೆಕೆಲಸಕ್ಕೆ ಬಂದವಳು. ಊರಿನಲ್ಲಿ ಶಾಲೆಗೆ ಹೋಗುವ ಮಗಳಿದ್ದಾಳೆ.

"ಇವಳೇ ಪ್ಲಗ್ ಕೀಳ್ತಾಳೆ, ಕದ್ದು ತಿನ್ನೋಕೆ," ಅಂದರು ಮೇಡಂ, ಡಾಕ್ಟರ ಹೆಂಡತಿ, ಅವಳೆದುರಿಗೇ.

"ನಾನು ಮುಟ್ಟೇ ಇಲ್ಲ ಅಕ್ಕಾ." ವಾರ್ತಿನಿ ಹೇಳಿದ್ದು ನನಗೆ, ಅವರಿಗಲ್ಲ.

ಹೊಸ ಅಡಾಪ್ಟರ್ ಹಾಕಿ ಬಂದೆ. ಆ ಮನೆಯ ಗಾಳಿಯೇ ಅಂಟುಅಂಟು.

ಮಾರ್ಚ್ 7

ಮೇಡಂ ಫೋನ್. "ಸಲ್ಬಿಯಾ, ಮತ್ತೆ ಹೋಯ್ತು. ಕೆಲಸದವರ ಏಜೆನ್ಸಿಯವರಿಗೆ ಹೇಳಿಬಿಟ್ಟಿದೀನಿ. ಸೋಮವಾರ ಬಂದು ಇವಳನ್ನ ವಾಪಸ್ ಕಳಿಸ್ತಾರೆ."

ಒಂದು ಹಾಳು ಸಿಗ್ನಲ್ಲಿಗೆ ಒಬ್ಬಳ ಅನ್ನ ಹೋಗುತ್ತದೆ... ನಾಳೆಯೇ ಹೋಗಿ ತಪ್ಪು ಎಲ್ಲಿದೆಯೆಂದು ತೋರಿಸಬೇಕು.

ಮಾರ್ಚ್ 8, ಶನಿವಾರ

ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು.

ಕ್ಯಾಮೆರಾವನ್ನೇ ಗೋಡೆಯಿಂದ ಕಳಚಿ ಕೈಯಲ್ಲಿ ಹಿಡಿದೆ. ಆದರೂ ನೆಟ್‌ವರ್ಕಿನಲ್ಲಿ ಅದಕ್ಕೆ ಕೊಟ್ಟ ನಂಬರಿನ ವಿಳಾಸದಿಂದ ಉತ್ತರ ಬರುತ್ತಿದೆ! ಅಂದರೆ ಅದೇ ನಂಬರ್ ಹಾಕಿಕೊಂಡು ಇನ್ನೊಂದು ಕ್ಯಾಮೆರಾ ಕೂತಿದೆ. ಒಂದು ಇನ್ನೊಂದನ್ನು ತಳ್ಳುತ್ತಿದೆ. ನಾನು ಹಾಕಿದ್ದಲ್ಲ.

ಲ್ಯಾಪ್‌ಟಾಪಿನಲ್ಲಿ ತೆರೆದೆ. ಒದ್ದೆ ಟೈಲ್ಸ್. ನೀಲಿ ಬಕೆಟ್. ಮೊಳೆಗೆ ನೇತುಹಾಕಿದ ವಾರ್ತಿನಿಯ ಟವೆಲ್.

ಅಡುಗೆಮನೆ ಹಿಂದೆ ಅವಳ ಬಚ್ಚಲು. ಗೋಡೆಯ ಮೇಲೆ ಸುಗಂಧದ ಡಬ್ಬಿ, ಅದರೊಳಗೆ ಕ್ಯಾಮೆರಾದ ಕಣ್ಣು. ಲ್ಯಾಪ್‌ಟಾಪ್ ಮುಚ್ಚಿದೆ.

ಡಾಕ್ಟರು ಪೌಡರ್ ಹಾಕಿಕೊಂಡು ಕ್ಲಿನಿಕ್ಕಿಗೆ ಹೊರಟಿದ್ದರು. ಕರೆದು ಡಬ್ಬಿ ತೋರಿಸಿದೆ. ಬೆಚ್ಚಲೂ ಇಲ್ಲ.

"ಓ, ಇದೇನಾ ತೊಂದರೆ? ಇದಕ್ಕೆ ಬೇರೆ ನಂಬರ್ ಕೊಟ್ಬಿಡಿ. ಆಗ ಎರಡೂ ನಡೀತವೆ ಅಲ್ವಾ?"

ಮೇಡಂ ಕಡೆ ನೋಡಿದೆ. ಅವರು ನೆಲ ನೋಡುತ್ತ ಅಂದರು, "ನಮ್ಮನೆ ವಿಷಯ ನಿಮಗ್ಯಾಕೆ? ಹೇಳಿದಷ್ಟು ಮಾಡಿ."

ಡಬ್ಬಿಯನ್ನು ಕಿತ್ತು ಚೀಲಕ್ಕೆ ಹಾಕಿಕೊಂಡೆ. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ವಾರ್ತಿನಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅಳಲಿಲ್ಲ. ಕೈಯಲ್ಲಿದ್ದ ಡಾಕ್ಟರ ಅಂಗಿಯನ್ನು ಕೆಸರಿಗೆ ಹಾಕಿದಳು.

"ಯಾವಾಗಿಂದ ಅಕ್ಕಾ?"

"ಗೊತ್ತಿಲ್ಲ. ಬರ್ತೀಯಾ, ಪೊಲೀಸ್ ಹತ್ರ?"

"ಪಾಸ್‌ಪೋರ್ಟ್ ಅವರ ಹತ್ರ ಇದೆ..."

"ಇರ್ಲಿ. ವ್ಯಾನ್ ಹತ್ತು."

ಹತ್ತಿದಳು. ಚಪ್ಪಲಿಯೂ ಇಲ್ಲದೆ. ಠಾಣೆಯಲ್ಲಿ ಡಬ್ಬಿ ಕೊಟ್ಟು ದೂರು ಬರೆಸಿದೆವು.

ಸಂಜೆ ಖರ್ಜೂರ ತಿಂದು ರೋಜಾ ಉಪವಾಸ ಬಿಟ್ಟೆ. ವಾರ್ತಿನಿ ನನ್ನ ಮನೆಯಲ್ಲೇ ಇದ್ದಾಳೆ. ಬಚ್ಚಲಿಗೆ ಹೋದವಳು ದೀಪ ಆರಿಸಿ ಕತ್ತಲಲ್ಲಿ ಸ್ನಾನ ಮಾಡಿ ಬಂದಳು.

ಮಾರ್ಚ್ 12

ಥೂ. ಡಾಕ್ಟರು ನಮ್ಮ ಮೇಲೆಯೇ ದೂರು ಕೊಟ್ಟಿದ್ದಾರೆ. ಡಬ್ಬಿ ಇಟ್ಟಿದ್ದು ನಾನಂತೆ, ವಾರ್ತಿನಿಯ ಜೊತೆ ಸೇರಿಕೊಂಡು ಅವರನ್ನು ಹೆದರಿಸಲಿಕ್ಕೆ! ಮೇಡಂ ಸಾಕ್ಷಿ: "ನಾವು ಮರ್ಯಾದಸ್ಥರು. ಅಂಥದ್ದು ನಮ್ಮನೇಲಿತ್ತು ಅಂತ್ಲೇ ಗೊತ್ತಿರ್ಲಿಲ್ಲ."

ಇವತ್ತು ಎರಡು ಕಡೆಯ ಗಿರಾಕಿಗಳು ಬರಬೇಡ ಅಂದರು. ಡಾಕ್ಟರ ಸ್ನೇಹಿತರು.

"ನಾನು ಊರಿಗೆ ಹೋಗ್ಬಿಡ್ತೀನಿ ಅಕ್ಕಾ. ನಿಮಗ್ಯಾಕೆ ಈ ಕಷ್ಟ?" ಅಂದಳು ವಾರ್ತಿನಿ.

"ಸುಮ್ನೆ ಕೂತ್ಕೋ," ಅಂದೆ. ಒರಟಾಗಿಯೇ ಅಂದೆ.

ಮಾರ್ಚ್ 13, ಬೆಳಿಗ್ಗೆ, ಠಾಣೆ

ಡಬ್ಬಿಯೊಳಗಿನ ಮೆಮೊರಿ ಕಾರ್ಡ್ ಇವತ್ತು ತೆರೆದರು. ನನ್ನನ್ನೂ ಕರೆದಿದ್ದರು. ಗಂಡಸರು ಯಾರೂ ಇರಬಾರದು ಅಂದೆ. ಮಹಿಳಾ ಸಾರ್ಜೆಂಟ್ ತಲೆಯಾಡಿಸಿ ಉಳಿದವರನ್ನು ಕಳಿಸಿ ಬಾಗಿಲು ಹಾಕಿದರು. ವಾರ್ತಿನಿ ಹೊರಗೆ ಬೆಂಚಿನ ಮೇಲೆ. ಸಾರ್ಜೆಂಟ್ ಹೇಳಿಕೆ ಟೈಪ್ ಮಾಡುತ್ತಿದ್ದಾರೆ, ನಾನು ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯ ಫೈಲು ಮಾತ್ರ ನೋಡಿದೆವು. ಕ್ಯಾಮೆರಾ ಅಲ್ಲಾಡುತ್ತದೆ. ಡಾಕ್ಟರ ಮುಖ, ತೀರಾ ಹತ್ತಿರ, ಪೌಡರ್ ಸಮೇತ. ಸ್ಟೂಲ್ ಮೇಲೆ ನಿಂತಿದ್ದಾರೆ. ಕೆಳಗೆ ಯಾರೋ ಸ್ಟೂಲ್ ಅಲ್ಲಾಡದಂತೆ ಎರಡೂ ಕೈಯಲ್ಲಿ ಹಿಡಿದಿದ್ದಾರೆ. ಡಾಕ್ಟರ ಬೋಳುನೆತ್ತಿಯಾಚೆ ಬಳೆ ಕಂಡಿತು, ಆಮೇಲೆ ಸ್ಟೂಲ್ ಹಿಡಿದವರು ತಲೆ ಮೇಲೆತ್ತಿದರು.

ಮೇಡಂ. "ಸ್ವಲ್ಪ ಕೆಳಗೆ ಮಾಡಿ," ಅನ್ನುತ್ತಿದ್ದಾರೆ, "ಇಲ್ದಿದ್ರೆ ಬರೀ ತಲೆ ಕಾಣ್ಸುತ್ತೆ, ಪೂರ್ತಿ—"